ಪಾವ್‌ಪಾವ್ ಬೀಜದಿಂದ ಗಿಡ ಮಾಡೋದು, ಹಣ್ಣು ತಿನ್ನೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಪಪ್ಪಾಯ ಅಲ್ಲ. ಕೆಲವು ದೇಶಗಳಲ್ಲಿ ಪಪ್ಪಾಯಕ್ಕೂ ಪಾವ್‌ಪಾವ್ ಅಂತಾರೆ, ಅದಕ್ಕೇ ಗೊಂದಲ. ನಾನು ಹೇಳ್ತಿರೋದು ಪೂರ್ವ ಅಮೆರಿಕದ ಕಾಡಲ್ಲಿ, ಹೊಳೆ ಪಕ್ಕದ ನೆರಳಲ್ಲಿ ಬೆಳೆಯೋ ಮರ, ನಮ್ಮ ಸೀತಾಫಲದ ಕುಟುಂಬದ್ದೇ, ಆದ್ರೆ ಹಿಮ ಬೀಳೋ ಚಳಿನೂ ತಡ್ಕೊಳುತ್ತೆ.

ಬೀಜ ಹಾಕೋರು ಒಂದು ಮಾತು ನೆನಪಿಟ್ಕೊಳ್ಳಿ: ಬೀಜ ಒಣಗಬಾರ್ದು. ನಾನು ಮೊದಲ ಸಲ ಬೇರೆ ಬೀಜದ ಥರಾನೇ ಪೇಪರ್ ಮೇಲೆ ಹರಡಿ ಆರಿಸಿಟ್ಟೆ, ಒಂದೂ ಮೊಳಕೆ ಬರ್ಲಿಲ್ಲ, ತುಂಬಾ ಬೇಜಾರಾಯ್ತು. ಹಣ್ಣು ತಿಂದ ಕೂಡ್ಲೇ ಬೀಜ ತೊಳ್ದು, ಹಿಂಡಿದ್ರೆ ನೀರು ತೊಟ್ಟಿಕ್ಕದಷ್ಟು ಹಸಿ ಇರೋ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರಿಜ್ಜಲ್ಲಿ 3-4 ತಿಂಗಳು ಇಡಿ. ಫ್ರೀಜರಲ್ಲಿ ಬೇಡ. ಆ ಚಳಿ ಸಿಕ್ಕಿದ್ಮೇಲೇನೇ ಬೀಜ ಏಳೋದು.

ಆಮೇಲೆ ಒಂದಡಿಯಷ್ಟು ಆಳದ ಕುಂಡಕ್ಕೆ ಹಾಕಿ, ಯಾಕಂದ್ರೆ ತಾಯಿಬೇರು ಸೀದಾ ಕೆಳಗಿಳಿಯುತ್ತೆ, ಸುಲಭವಾಗಿ ಮುರಿಯುತ್ತೆ ಕೂಡ. ಮೇಲೆ ಏನೂ ಕಾಣ್ಸಲ್ಲ ಅಂತ ಕೆದಕಿ ನೋಡ್ಬೇಡಿ, ಬೇರು ಮೊದ್ಲು, ಚಿಗುರು ಬರೋಕೆ ಎರಡು ತಿಂಗಳಾದ್ರೂ ಬೇಕು. ಮೊದಲ ಒಂದೆರಡು ವರ್ಷ ನೆರಳು ಕೊಡಿ, ದೊಡ್ಡದಾದ್ಮೇಲೆ ಬಿಸಿಲಿದ್ರೇನೇ ಹಣ್ಣು ಜಾಸ್ತಿ. ಬೀಜದ ಗಿಡ ಫಲ ಕೊಡೋಕೆ ಸುಮಾರು 5-8 ವರ್ಷ, ಕಸಿ ಗಿಡ ಆದ್ರೆ 3-4.

ಒಂದೇ ಮರ ಇದ್ರೆ ಸಾಮಾನ್ಯವಾಗಿ ಕಾಯಿ ಕಚ್ಚಲ್ಲ, ಬೇರೆ ಬೇರೆ ಬೀಜದಿಂದ ಬಂದ ಎರಡು ಮರ ಬೇಕು. ಕಂದುಗೆಂಪು ಹೂವಿಗೆ ಜೇನು ಬರೋದು ಕಮ್ಮಿ, ನೊಣ, ಜೀರುಂಡೆನೇ ಗತಿ, ಹಾಗಾಗಿ ಸಣ್ಣ ಬ್ರಷ್ ತಗೊಂಡು ಹೂವಿಂದ ಹೂವಿಗೆ ಪರಾಗ ನೀವೇ ಮುಟ್ಟಿಸಿ. ಹೂವಿನ ಮಧ್ಯದ ಗುಂಡು ಕಂದಾಗಿ ಉದುರೋ ಹಾಗಿದ್ರೆ ಪರಾಗ ರೆಡಿ, ಇನ್ನೂ ಹಸಿರಾಗಿ ಗಟ್ಟಿ ಇದ್ದು ತುದಿ ಹೊಳೀತಿದ್ರೆ ಅದು ಹೆಣ್ಣು ಹಂತ, ಆ ಮರದ ಪರಾಗ ತಂದು ಈ ಮರದ ಹೊಳೆಯೋ ತುದಿಗೆ ಸವರಿ.

ಅಮೆರಿಕದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಹಣ್ಣಿನ ಕಾಲ. ಬಣ್ಣ ನಂಬ್ಬೇಡಿ, ಮೆಲ್ಲಗೆ ಒತ್ತಿದಾಗ ಮೆತ್ತಗಿದ್ರೆ ಕೀಳಿ. ಅರ್ಧ ಕೊಯ್ದು ಚಮಚದಲ್ಲಿ ತಿನ್ನಿ, ಬಾಳೆಹಣ್ಣು ಮಾವು ಕಲಸಿದ ಹಾಗೆ, ಅಷ್ಟು ಚೆನ್ನಾಗಿರುತ್ತೆ! ಸಿಪ್ಪೆ, ಬೀಜ ಮಾತ್ರ ತಿನ್ಲೇಬೇಡಿ, ಒಳ್ಳೇದಲ್ಲ. ಕೆಲವರಿಗೆ ತಿರುಳಿಂದಲೂ ವಾಂತಿ ಬಂದಂಗಾಗುತ್ತೆ, ಮೊದಲ ಸಲ ಒಂದೆರಡು ಚಮಚ ಸಾಕು. ಹೊರಗಡೆ 2-3 ದಿನಕ್ಕಿಂತ ಇರಲ್ಲ, ಜಾಸ್ತಿ ಇದ್ರೆ ತಿರುಳು ತೆಗ್ದು ಫ್ರೀಜರಿಗೆ ಹಾಕಿ, ಬೀಜ ಮತ್ತೆ ಹಸಿ ಕೊಕೊಪೀಟ್‌ಗೆ.