‘ಅವಸ್ಥೆ’ಯನ್ನು ನಡುವೆ ನಿಲ್ಲಿಸಿ ಓದಿಸಿದ್ದು

ಕಾದಂಬರಿ ಮುಗಿಯುವ ಮೊದಲೇ ಅಭಿಪ್ರಾಯ ಬರೆಸಬಾರದು ಅಂತ ದಾವಣಗೆರೆಯ ನಮ್ಮ ಓದುಗ ಗೆಳೆಯರು ಜಗಳವನ್ನೇ ತೆಗೆದಿದ್ದರು. ಈಗ ಅವರೇ ಮುಂದಿನ ಪುಸ್ತಕಕ್ಕೂ ಹೀಗೇ ಮಾಡೋಣ ಅನ್ನುತ್ತಿದ್ದಾರೆ.

ಈ ಸಲ ಓದಿದ್ದು ಅನಂತಮೂರ್ತಿಯವರ ‘ಅವಸ್ಥೆ’, 1978ರದ್ದು. ಲಕ್ವ ಹೊಡೆದು ಮಲಗಿರುವ ರಾಜಕಾರಣಿ ಕೃಷ್ಣಪ್ಪಗೌಡನ ನೆನಪುಗಳಲ್ಲಿ ಕಥೆ ಸಾಗುತ್ತದೆ. ಒಂದು ಜಾಗದಲ್ಲಿ ಎಲ್ಲರೂ ನಿಲ್ಲಬೇಕು. ಗೌಡನ ಬಗ್ಗೆ ಆಗ ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು. ಪುಸ್ತಕ ಮುಗಿದ ಮೇಲೆ ಅವರವರ ಲಕೋಟೆ ಅವರವರೇ ಒಡೆಯಬೇಕು. ಯಾವ ಪುಟದಲ್ಲಿ ನಿಲ್ಲಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಅದು ಸುಮ್ನೆ ಸಿಕ್ಕಿದ್ದಲ್ಲ.

ಹಿಂದಿನ ಸಲಗಳಲ್ಲಿ ದುಡ್ಡೇ ತಲೆನೋವಾಗಿತ್ತು. ಹಾಲ್ ಬಾಡಿಗೆ ಸಂಜೆಗೆ 500ರ ಹತ್ತಿರ. ಮೇಲೆ ಮಂಡಕ್ಕಿ, ಮಿರ್ಚಿ. ಪುಸ್ತಕಕ್ಕಿಂತ ತಿಂಡಿಗೇ ಜಾಸ್ತಿ ಹೋಗುತ್ತಿತ್ತು, ತಿಂದವರು ಎದ್ದು ಹೊರಟುಬಿಡುತ್ತಿದ್ದರು. ಈಗ ಗೆಳೆಯರೊಬ್ಬರ ತಾರಸಿ ಇದೆ. ಲಕೋಟೆ ಅಂಟಿಸಿದ ಮೇಲೇ ಮಿರ್ಚಿ. ಉಳಿದ ದುಡ್ಡಿನಲ್ಲಿ ಸುಮಾರು 2,000 ರೂಪಾಯಿಯ ಪ್ರತಿಗಳನ್ನು ಕೊಂಡೆವು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಶಿವಮೊಗ್ಗ ಕಡೆಯ ನಂಟಿರುವ ಹಿರಿಯರು ಮೊದಲ ಪುಟಗಳಲ್ಲೇ “ಇದು ಶಾಂತವೇರಿ ಗೋಪಾಲಗೌಡರ ಕಥೆ ಕಣ್ರೀ” ಅಂತ ಶುರು ಮಾಡುತ್ತಾರೆ. ಸಮಾಜವಾದಿ ನಾಯಕ ಗೋಪಾಲಗೌಡರು, 1951ರ ಕಾಗೋಡು ಗೇಣಿದಾರರ ಸತ್ಯಾಗ್ರಹ, ಮರುವರ್ಷ ಗೌಡರು ಶಾಸಕರಾಗಿದ್ದು, 1972ರಲ್ಲಿ ತೀರಿಕೊಂಡಿದ್ದು, ಎಲ್ಲ ಬರುತ್ತದೆ. ಆ ಪಾತ್ರಕ್ಕೆ ಅವರ ನೆರಳಿದೆ, ನಿಜ. ಆದರೆ ಆಮೇಲೆ ಯಾರೂ ಪುಸ್ತಕ ನೋಡೋದಿಲ್ಲ. ಯಾವ ಪಾತ್ರ ಯಾರು ಅಂತ ಹುಡುಕೋದೇ ಕೆಲಸವಾಗುತ್ತದೆ. ಲಕೋಟೆ ಅಂಟಿಸುವ ತನಕ ಆ ಹೆಸರು ಎತ್ತಬಾರದು ಅಂತ ಖಡಾಖಂಡಿತವಾಗಿ ಹೇಳಿದೆ. ಇಬ್ಬರು ಬೇಜಾರಾಗಿ ಬಿಟ್ಟೇ ಹೋದರು. ಹೋಗಲಿ ಅಂದೆ.

ಫಲ ಸಿಕ್ಕಿದ್ದು ಒಬ್ಬ ಹಿರಿಯರಿಂದ. ಕಾಟನ್ ಮಿಲ್ಲಿನಲ್ಲಿ ದುಡಿದವರು, ಕಾರ್ಮಿಕ ನಾಯಕ, ಸಿಪಿಐನ ಪಂಪಾಪತಿಯವರ ಕಾಲದಲ್ಲಿ ಕೆಂಬಾವುಟ ಹಿಡಿದವರು. ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು: “ಕ್ರಾಂತಿಕಾರಿ ಅಣ್ಣಾಜಿ ಮನುಷ್ಯ. ಗೌಡನಿಗೆ ಬರೀ ಸೊಕ್ಕು. ಇವನಿಗೆ ನಾನು ಓಟು ಹಾಕಲ್ಲ.” ಮುಖ್ಯಮಂತ್ರಿ ಕುರ್ಚಿಯ ಲೆಕ್ಕಾಚಾರ ನಡೆಯುವ ಭಾಗ ದಾಟಿ, ಪುಸ್ತಕ ಮುಗಿಸಿ ಲಕೋಟೆ ಒಡೆದಾಗ ಅಂದರು: “ಸೊಕ್ಕು ಅಂದಿದ್ದು ಸರಿಯಾಗೇ ಇದೆ. ಆದ್ರೆ ಆ ಸೊಕ್ಕು ಇರೋ ತನಕ ಇವನನ್ನ ಯಾರೂ ಕೊಳ್ಳೋಕಾಗ್ತಿರಲಿಲ್ಲ, ಅಲ್ವಾ?” ಕಾಲೇಜು ಹುಡುಗಿಯೊಬ್ಬಳದು ಇದಕ್ಕೆ ತದ್ವಿರುದ್ಧ. ದನ ಕಾಯುವ ಹುಡುಗನಾಗಿದ್ದ ಗೌಡನನ್ನು ಮಹೇಶ್ವರಯ್ಯ ಓದಿಗೆ ಹಚ್ಚುವಾಗ ಮೆಚ್ಚಿದ್ದಳು, ಅವನು ಹೆಂಡತಿಯ ಜೊತೆ ನಡೆದುಕೊಳ್ಳುವ ರೀತಿ ನೋಡಿ ಸಿಟ್ಟಾದಳು. ನಡುವೆ ಬರೆಸದಿದ್ದರೆ ಇಬ್ಬರೂ “ನಂಗೆ ಮೊದಲೇ ಗೊತ್ತಿತ್ತು” ಅಂತಿದ್ದರು. ಎಷ್ಟೋ ಚರ್ಚೆಗಳಲ್ಲಿ ಕೇಳಿದ್ದೇನೆ ಆ ಮಾತನ್ನು.

ಚಿತ್ರದುರ್ಗದ ಗೆಳೆಯರ ಜೊತೆ ತರಾಸು ಅವರ ‘ದುರ್ಗಾಸ್ತಮಾನ’ಕ್ಕೂ ಇದನ್ನೇ ಮಾಡಿ ನೋಡಿದೆ. ಕೆಲಸಕ್ಕೆ ಬರಲಿಲ್ಲ. 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಗುತ್ತದೆ ಅಂತ ದುರ್ಗದ ಮಕ್ಕಳಿಗೂ ಗೊತ್ತು. ಮದಕರಿ ಬಗ್ಗೆ ಎಲ್ಲರ ಚೀಟಿಯೂ ಒಂದೇ. ಪ್ರಶ್ನೆ ಬದಲಿಸಿ, ಅವನ ಸುತ್ತ ಇರುವವರಲ್ಲಿ ಯಾರನ್ನು ನಂಬುತ್ತೀರಿ ಅಂತ ಕೇಳಿದ ಮೇಲೆ ಸ್ವಲ್ಪ ಜೀವ ಬಂತು. ಆ ಪ್ರಶ್ನೆಯನ್ನು ಇನ್ನೂ ತಿದ್ದುತ್ತಿದ್ದೇನೆ.

ನೀವೂ ಮಾಡುವುದಾದರೆ ಲಕೋಟೆಗೆ ಗೋಂದೇ ಹಾಕಿ. ಸ್ಟೇಪ್ಲರ್ ಬೇಡ. ಪಿನ್ ಬಿಚ್ಚಿ ಚೀಟಿ ತಿದ್ದಿದವರನ್ನು ನೋಡಿದ್ದೇನೆ.