ದೇಹದೊಳಗಿನ ಸಾಧನದ ಪ್ರಯೋಗ: ನೀತಿ ಸಮಿತಿಯ ಸಾಮಾನ್ಯ ಸದಸ್ಯರು ಅರ್ಜಿಯನ್ನು ಓದುವ ಬಗೆ

ಮನುಷ್ಯರ ಮೇಲೆ ನಡೆಸುವ ಪ್ರಯೋಗ ನೈತಿಕವಾಗಿ ಸರಿಯೇ ಎಂದು ಪರಿಶೀಲಿಸುವ, ಸಂಶೋಧನೆ ನಡೆಸುವ ಆಸ್ಪತ್ರೆಯ ನೀತಿ ಸಮಿತಿಯಲ್ಲಿ ವೈದ್ಯರು, ವಿಜ್ಞಾನಿಗಳು ಮತ್ತು ಕಾನೂನು ಬಲ್ಲವರ ಜೊತೆಗೆ ವೈದ್ಯಕೀಯ ಕ್ಷೇತ್ರಕ್ಕೆ ಸೇರದ ಒಬ್ಬ ಸಾಮಾನ್ಯ ಸದಸ್ಯರೂ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ನಿವೃತ್ತ ಶಿಕ್ಷಕರೋ ಬ್ಯಾಂಕ್ ನೌಕರರೋ ಆ ಸ್ಥಾನಕ್ಕೆ ಬಂದಾಗ, ಔಷಧ ಪ್ರಯೋಗದ ಅರ್ಜಿಗಳನ್ನು ಓದುವುದು ಬೇಗ ರೂಢಿಯಾಗುತ್ತದೆ. ಆದರೆ ಮಿದುಳಿನಲ್ಲಿ ಎಲೆಕ್ಟ್ರೋಡ್ ಇರಿಸುವ ಅಥವಾ ಕಣ್ಣಿನ ಅಕ್ಷಿಪಟಲಕ್ಕೆ ಚಿಪ್ ಜೋಡಿಸುವ ಅರ್ಜಿ ಬಂದರೆ ಆ ರೂಢಿ ಸಾಲದು. ನಿಲ್ಲಿಸಿದ ಮಾತ್ರೆ ಸಾಮಾನ್ಯವಾಗಿ ಮೈಯಿಂದ ಹೊರಹೋಗುತ್ತದೆ. ಇಂಪ್ಲಾಂಟ್ ಮಾತ್ರ ಪ್ರಯೋಗ ಮುಗಿದ ಮೇಲೂ, ಅದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿದ ಮೇಲೂ ಒಳಗೇ ಉಳಿಯುತ್ತದೆ.

ಆದ್ದರಿಂದ ಅರ್ಜಿಯನ್ನು ಕೊನೆಯಿಂದ ಓದಿ. ಸಾಧನ ಎಷ್ಟು ಅದ್ಭುತವೆಂಬ ಮೊದಲ ಪುಟಗಳನ್ನು ತಜ್ಞರಿಗೆ ಬಿಟ್ಟು, ಪ್ರಯೋಗದ ನಂತರ ಏನಾಗುತ್ತದೆ ಎಂಬ ಭಾಗವನ್ನು ಮೊದಲು ಹುಡುಕಿ. ಹೆಚ್ಚಾಗಿ ಅದು ಒಂದೇ ಪ್ಯಾರಾದಲ್ಲಿ ಮುಗಿದಿರುತ್ತದೆ, ಮತ್ತು ನಿಮ್ಮ ಕೆಲಸ ಶುರುವಾಗುವುದು ಅಲ್ಲಿಯೇ. ಅಮೆರಿಕದ ಸೆಕೆಂಡ್ ಸೈಟ್ ಕಂಪನಿಯ ಆರ್ಗಸ್-2 ಎಂಬ ಕೃತಕ ಅಕ್ಷಿಪಟಲಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಅನುಮತಿ ಕೊಟ್ಟಿತು; ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಜನ ಅದನ್ನು ಅಳವಡಿಸಿಕೊಂಡರು. 2019ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು, ಮರುವರ್ಷ ದಿವಾಳಿಯಂಚಿಗೆ ಬಂದು ಬಹುಪಾಲು ನೌಕರರನ್ನು ಕಳುಹಿಸಿತು, ಮತ್ತು ಬಳಕೆದಾರರು ಕೆಟ್ಟರೆ ದುರಸ್ತಿಯಾಗದ ಯಂತ್ರವನ್ನು ಕಣ್ಣಿನಲ್ಲಿಟ್ಟುಕೊಂಡು ಉಳಿದರು. ಮೆಲ್ಬರ್ನ್‌ನಲ್ಲಿ ನಡೆದದ್ದು ಇದರ ವಿರುದ್ಧ ದಿಕ್ಕಿನ ಸಂಕಟ. ಅಪಸ್ಮಾರದ ಸೆಳವು ಬರುವ ಮುನ್ನವೇ ಎಚ್ಚರಿಸುವ ನ್ಯೂರೋವಿಸ್ಟಾ ಕಂಪನಿಯ ಸಾಧನವನ್ನು ಅಲ್ಲಿ 15 ಜನರಿಗೆ ಅಳವಡಿಸಲಾಗಿತ್ತು. ಕಂಪನಿಯ ಹಣ ಬತ್ತಿದಾಗ, ಅದು ತನ್ನ ವ್ಯಕ್ತಿತ್ವದ ಭಾಗವೇ ಆಗಿದೆ ಎಂದು ಭಾವಿಸಿದ್ದ ಮಹಿಳೆಯೊಬ್ಬರು ಇಚ್ಛೆಗೆ ವಿರುದ್ಧವಾಗಿ ಅದನ್ನು ತೆಗೆಸಿಕೊಳ್ಳಬೇಕಾಯಿತು. ಎರಡೂ ಕಡೆ ತಂತ್ರಜ್ಞಾನ ತಕ್ಕಮಟ್ಟಿಗೆ ಕೆಲಸ ಮಾಡಿತ್ತು. ಹೊಣೆ ಹೊರುವವರು ಇಲ್ಲವಾದರು.

ಸಭೆಯಲ್ಲಿ ಇದನ್ನು ಪ್ರಶ್ನೆಯಾಗಿಸುವಾಗ ಹಣದ ಭಾಷೆಯಲ್ಲೇ ಕೇಳುವುದು ಒಳ್ಳೆಯದು. ಬ್ಯಾಟರಿ ಬದಲಿಸುವ, ತಂತಿ ಸರಿಪಡಿಸುವ ಮತ್ತು ಬೇಡವಾದಾಗ ಸಾಧನವನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಗಳ ವೆಚ್ಚವನ್ನು ಯಾರು, ಎಷ್ಟು ವರ್ಷ ಭರಿಸುತ್ತಾರೆ? ಆ ಹಣ ಈಗಲೇ ಪ್ರತ್ಯೇಕ ಖಾತೆಯಲ್ಲಿ ಇದೆಯೇ? ಕಂಪನಿ ಮುಚ್ಚಿದರೆ ದುರಸ್ತಿಗೆ ಬೇಕಾದ ತಾಂತ್ರಿಕ ದಾಖಲೆಗಳು ಯಾರ ಕೈ ಸೇರುತ್ತವೆ? ‘ಅಗತ್ಯವಿದ್ದಲ್ಲಿ ಸೂಕ್ತ ವ್ಯವಸ್ಥೆ ಮಾಡಲಾಗುವುದು’ ಎಂಬಂಥ ವಾಕ್ಯ ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿ. ಕರ್ತೃವಿಲ್ಲದ ವಾಕ್ಯದಲ್ಲಿ ಹೊಣೆಗಾರರೂ ಇರುವುದಿಲ್ಲ.

ಇದು ಚಿಕಿತ್ಸೆಯೋ, ಸಹಜ ಸಾಮರ್ಥ್ಯವನ್ನು ಮೀರಿಸುವ ವರ್ಧನೆಯೋ ಎಂಬ ವಾದ ಖಂಡಿತ ಎದ್ದೇಳುತ್ತದೆ. ಅದಕ್ಕೆ ಹೆಚ್ಚು ಸಮಯ ಕೊಡಬೇಡಿ ಎಂಬುದು ನನ್ನ ಸಲಹೆ, ಏಕೆಂದರೆ ಆ ಗೆರೆ ಸಾಧನದಲ್ಲಿ ಇರುವುದಿಲ್ಲ, ಅದನ್ನು ಬಳಸುವ ಜಾಗದಲ್ಲಿ ಇರುತ್ತದೆ. ಎರಡೂ ಕಾಲುಗಳ ಕೆಳಭಾಗವಿಲ್ಲದ ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್ ಅವರ ಕಾರ್ಬನ್ ನಾರಿನ ಕಾಲುಗಳು ಅನುಚಿತ ಲಾಭ ಕೊಡುತ್ತವೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 2008ರ ಜನವರಿಯಲ್ಲಿ ಅವರನ್ನು ಸ್ಪರ್ಧೆಗಳಿಂದ ತಡೆಯಿತು. ಅದೇ ಮೇ ತಿಂಗಳಲ್ಲಿ ಕ್ರೀಡಾ ನ್ಯಾಯಮಂಡಳಿ ತಡೆಯನ್ನು ತೆಗೆಯಿತು. ಆ ಕಾಲುಗಳನ್ನು ತೊಟ್ಟು ಅವರು ಬೀದಿಯಲ್ಲಿ ನಡೆದಿದ್ದರೆ ಯಾರೂ ದೂರು ಕೊಡುತ್ತಿರಲಿಲ್ಲ. ವರ್ಧನೆಯ ಮಾತು ಬಂದಾಗ ಕೇಳಬೇಕಾದದ್ದು ಇಷ್ಟು: ಈ ಸಾಧನ ಒಬ್ಬರಿಗೆ ಸಿಕ್ಕರೆ ಪಕ್ಕದವರಿಗೂ, ಉದ್ಯೋಗ ಉಳಿಸಿಕೊಳ್ಳುವುದಕ್ಕಾಗಿಯಾದರೂ, ಅದನ್ನು ಹಾಕಿಸಿಕೊಳ್ಳುವ ಒತ್ತಡ ಬರುತ್ತದೆಯೇ? ಸೈನಿಕರು, ಕಾರ್ಮಿಕರು ಅಥವಾ ಅರ್ಜಿದಾರರ ಸ್ವಂತ ವಿದ್ಯಾರ್ಥಿಗಳು ಭಾಗಿಗಳಾಗಿದ್ದರೆ ಅವರ ಸಮ್ಮತಿಯನ್ನು ಎರಡು ಬಾರಿ ಪರೀಕ್ಷಿಸಬೇಕು.

ಮಕ್ಕಳ ವಿಷಯಕ್ಕೆ ಬಂದಾಗ ನಿಧಾನಿಸಿ. ಮಾರ್ಗಸೂಚಿಯಂತೆ 7 ವರ್ಷ ತುಂಬಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು; ಆದರೆ ಕಿವುಡರಿಗೆ ಶಬ್ದ ಕೇಳಿಸಲು ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಹುಟ್ಟುಕಿವುಡ ಮಕ್ಕಳಿಗೆ ಹೆಚ್ಚು ಫಲ ಕೊಡುವುದು ಅದಕ್ಕಿಂತ ಬಹಳ ಮೊದಲು, ಮಾತು ಕಲಿಯುವ ವಯಸ್ಸಿನಲ್ಲಿ ಅಳವಡಿಸಿದಾಗ. ಎಂದರೆ ಮಗುವಿನ ಒಪ್ಪಿಗೆಗೆ ಕಾಯುವುದೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ಇದೆ. ಮಕ್ಕಳಿಗೆ ಈ ಸಾಧನ ಅಳವಡಿಸುವುದನ್ನು ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ತೀವ್ರವಾಗಿ ವಿರೋಧಿಸಿ, 2000ದಲ್ಲಿ ತನ್ನ ನಿಲುವನ್ನು ಸಡಿಲಿಸಿತು. ನಮ್ಮಲ್ಲಿ ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಡಿ ಈ ಸಾಧನಕ್ಕೆ ನೆರವು ಸಿಗುತ್ತದೆ, ಆದರೆ ಸಾಧನ ಕೂರಿಸಿದ ದಿನವೇ ಮಗು ಮಾತು ಕೇಳುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಾಯ್ತಂದೆಯರು ದೀರ್ಘಕಾಲ ಮಗುವಿನೊಡನೆ ತರಬೇತಿಗೆ ಕೂರಬೇಕಾಗುತ್ತದೆ. ದೂರದ ಹಳ್ಳಿಯ ಕೂಲಿ ಕುಟುಂಬಕ್ಕೆ ಅದು ಸಾಧ್ಯವೇ, ಪ್ರಯಾಣ ಭತ್ಯೆ ಮತ್ತು ಕಳೆದುಕೊಂಡ ಕೂಲಿಯ ಲೆಕ್ಕ ಅರ್ಜಿಯಲ್ಲಿದೆಯೇ, ಮಗು ಸಂಜ್ಞಾ ಭಾಷೆಯನ್ನು ಕಲಿಯಲು ಪ್ರಯೋಗದ ನಿಯಮಗಳು ಅಡ್ಡಿಯಾಗಿವೆಯೇ ಎಂದು ನೋಡಿ.

ಮಿದುಳಿನಿಂದ ಹೊರಡುವ ಮಾಹಿತಿ ಯಾರ ಸ್ವತ್ತು ಎಂಬುದನ್ನು ಒಂದು ಪ್ರಶ್ನೆಯಲ್ಲಿ ಮುಗಿಸಬಹುದು: ಭಾಗಿಯಾದವರು ಕೇಳಿದರೆ ಅದನ್ನು ಅಳಿಸುತ್ತೀರಾ? ಚಿಲಿ ದೇಶ 2021ರಲ್ಲಿ ಮಿದುಳಿನ ಚಟುವಟಿಕೆಗೆ ಸಂವಿಧಾನದಲ್ಲೇ ರಕ್ಷಣೆ ಕೊಟ್ಟಿತು. ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ, ತಲೆಗೆ ಹೊರಗಿನಿಂದ ತೊಡುವ ಸಾಧನದ ವಿಷಯದಲ್ಲೇ, ಮಾಹಿತಿಯನ್ನು ಅಳಿಸಬೇಕೆಂದು ಕಂಪನಿಗೆ ಆದೇಶಿಸಿತು.

ಕೊನೆಗೆ ಕನ್ನಡದ ಸಮ್ಮತಿ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಇಂಗ್ಲಿಷ್ ಪ್ರತಿಯಲ್ಲಿದ್ದ ಅಪಾಯಗಳೆಲ್ಲ ಅದರಲ್ಲಿವೆಯೇ, ಹಿಂದೆ ಸರಿದರೆ ಸಾಧನ ದೇಹದಲ್ಲಿ ಉಳಿಯುತ್ತದೋ ಹೊರಬರುತ್ತದೋ ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆಯೇ ಎಂದು ಗಮನಿಸಿ. ನಿಮ್ಮ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುವವರೆಗೆ ಅನುಮೋದನೆಯನ್ನು ಮುಂದೂಡಲು ಕೋರಿ, ಬಹುಮತ ಒಪ್ಪದಿದ್ದರೆ ಭಿನ್ನಾಭಿಪ್ರಾಯವನ್ನು ಕಾರಣ ಸಹಿತ ನಡಾವಳಿಯಲ್ಲಿ ದಾಖಲಿಸಲು ಹೇಳಿ, ಮತ್ತು ಮುಂದಿನ ಸಭೆಯಲ್ಲಿ ಆ ನಡಾವಳಿಗೆ ಸಹಿ ಹಾಕುವ ಮುನ್ನ ನಿಮ್ಮ ಮಾತು ಅದರಲ್ಲಿದೆಯೇ ಎಂದು ಪರಿಶೀಲಿಸಿ.