ಮಾನ್ಯತೆ ಪರಿಶೀಲನೆ: ನಾನು ಉತ್ತರ ಪತ್ರಿಕೆಯವರೆಗೆ ಹೋಗುವ ಬಗೆ

ಮಾನ್ಯತೆ ಕೋರಿ ಇಂಜಿನಿಯರಿಂಗ್ ವಿಭಾಗ ಸಲ್ಲಿಸುವ ಸ್ವಮೌಲ್ಯಮಾಪನ ವರದಿಯನ್ನು ಪರಿಶೀಲಿಸುವಾಗ ನಾನು ಮೊದಲ ಪುಟದಿಂದ ಓದುವುದಿಲ್ಲ. ಒಂದು ಪಿಒ (ಪ್ರೋಗ್ರಾಂ ಔಟ್‌ಕಮ್, ಪದವಿ ಮುಗಿಸಿದವರಲ್ಲಿ ಇರಬೇಕಾದ ಸಾಮರ್ಥ್ಯ) ಆರಿಸಿಕೊಳ್ಳುತ್ತೇನೆ, ಹೆಚ್ಚಾಗಿ ವಿನ್ಯಾಸದ್ದು. ಅದರ ಅಟೈನ್‌ಮೆಂಟ್, ಅಂದರೆ ಅದನ್ನು ಎಷ್ಟರ ಮಟ್ಟಿಗೆ ಸಾಧಿಸಲಾಗಿದೆ ಎಂಬ ಅಂಕಿ, 2.25 ಎಂದಿದ್ದರೆ, ಆ ಅಂಕಿ ಹುಟ್ಟಿದ್ದೆಲ್ಲಿ ಎಂದು ಹಿಂದೆ ಹಿಂದೆ ಹೋಗುತ್ತೇನೆ: ಕೋರ್ಸು, ಸಿಒ (ಕೋರ್ಸ್ ಔಟ್‌ಕಮ್, ಆ ಕೋರ್ಸಿನಿಂದ ವಿದ್ಯಾರ್ಥಿ ಕಲಿಯಬೇಕಾದದ್ದು), ಪ್ರಶ್ನೆ, ಕೊನೆಗೆ ವಿದ್ಯಾರ್ಥಿ ಬರೆದ ಉತ್ತರ.

ಲೆಕ್ಕ ಹೀಗೆ. ತರಗತಿಯಲ್ಲಿ 60 ಮಂದಿ, ಗುರಿ ಶೇ. 60 ಅಂಕ. 42 ಮಂದಿ ಮುಟ್ಟಿದರೆ ಶೇ. 70 ಆಯಿತು. ವಿಭಾಗ ಶೇ. 60, 70, 80ಕ್ಕೆ 1, 2, 3 ಎಂದು ಇಟ್ಟುಕೊಂಡಿದ್ದರೆ ಆ ಸಿಒ ಮಟ್ಟ 2. ಅದರ ಮ್ಯಾಪಿಂಗ್, ಅಂದರೆ ಆ ಪಿಒ ಜೊತೆಗಿನ ನಂಟು ಎಷ್ಟು ಗಟ್ಟಿ ಎಂಬ ತೂಕ, 3. ಮಟ್ಟ 3 ಮುಟ್ಟಿದ ಇನ್ನೊಂದು ಸಿಒದ ಮ್ಯಾಪಿಂಗ್ 1. (2×3 + 3×1) ÷ 4 = 2.25. ತೂಕ ಬಿಟ್ಟು ಬರೀ ಸರಾಸರಿ ಹಾಕಿದರೆ 2.5 ಬರುತ್ತದೆ, ಎಕ್ಸೆಲ್ ಹಾಳೆಗಳಲ್ಲಿ ಈ ತಪ್ಪು ಸಾಮಾನ್ಯ.

ಇದಕ್ಕಿಂತ ದೊಡ್ಡ ತೊಡಕು, ವಿದ್ಯಾರ್ಥಿ ಬಿಡಬಹುದಾದ ಆಯ್ಕೆಯ ಪ್ರಶ್ನೆ. 60ರಲ್ಲಿ 24 ಮಂದಿ ಮಾತ್ರ ಉತ್ತರಿಸಿದ್ದರೆ ಭಾಗಿಸುವುದು ಯಾವುದರಿಂದ? 24 ಹಾಕಿದರೆ ಗೊತ್ತಿದ್ದವರನ್ನಷ್ಟೇ ಅಳೆದಂತೆ. 60 ಹಾಕಿದರೆ ಬಿಟ್ಟವರೆಲ್ಲ ಸೋತಂತೆ. ಎರಡೂ ಸರಿಯಲ್ಲ. ಒಂದೊಂದು ಸಿಒಗೂ ಕಡ್ಡಾಯ ಪ್ರಶ್ನೆಯೊಂದು ಇರಲೇಬೇಕು.

ಆಮೇಲೆ ಪ್ರಶ್ನೆಯ ಮಾತು ಓದುತ್ತೇನೆ. 'ತೊಲೆಯ ವಿನ್ಯಾಸದ ಹಂತಗಳನ್ನು ಬರೆಯಿರಿ' ಎಂಬುದು ನೆನಪಿನ ಪರೀಕ್ಷೆ, ಪಕ್ಕದಲ್ಲಿ ವಿನ್ಯಾಸ ಎಂದು ಗುರುತು ಹಾಕಿದ್ದರೂ ಸರಿ. ಹೊರೆ, ಉದ್ದ ಕೊಟ್ಟು, ಆಳಕ್ಕೆ ಮಿತಿ ಹಾಕಿ, ಎರಡು ಪರ್ಯಾಯ ಹೋಲಿಸಲು ಹೇಳಿದ್ದರೆ ಅದು ವಿನ್ಯಾಸ. ಉತ್ತರ ಪತ್ರಿಕೆ ಮೂರು ಬಗೆಯವು ಕೇಳುತ್ತೇನೆ: ಹೆಚ್ಚು ಅಂಕದ್ದು, ನಡುವಿನದು, ಪಾಸಿನ ಅಂಚಿನದು. ಕೊನೆಯದೇ ಮುಖ್ಯ, ಆ ವಿದ್ಯಾರ್ಥಿಗೆ ಸಿಗುವುದೂ ಅದೇ ಪದವಿ.

ಮ್ಯಾಪಿಂಗ್ ಕೋಷ್ಟಕದ ತುಂಬ 3 ಕಂಡರೆ ಯಾರೂ ಕೂತು ಯೋಚಿಸಿಲ್ಲ ಎಂದೇ ಅರ್ಥ. ಇಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದದ ಪದವೀಧರ ಗುಣಲಕ್ಷಣಗಳು (ಪಿಒಗಳಿಗೆ ಆಧಾರವಾದ ಪಟ್ಟಿ) 2021ರಲ್ಲಿ 12ರಿಂದ 11ಕ್ಕೆ ಬಂದವು. ಸಮಾಜ ಮತ್ತು ಪರಿಸರ ಒಂದಾಗಿ, 8ನೆಯದಾಗಿದ್ದ ನೈತಿಕತೆ 7ಕ್ಕೆ ಸರಿಯಿತು. ಹಳೆ ಕೋಷ್ಟಕವನ್ನು ಹೊಸ ಪಟ್ಟಿಗೆ ಹಾಗೇ ಅಂಟಿಸಿದರೆ ನೈತಿಕತೆಯ ಅಂಕಿ ತಂಡದ ಕೆಲಸದ ಕೆಳಗೆ ಬಂದು ಕೂರುತ್ತದೆ.

ಪ್ರಾಜೆಕ್ಟಿನಲ್ಲಿ ನಾಲ್ವರಿಗೂ ಒಂದೇ ಅಂಕ ಇದ್ದರೆ ತಂಡದ ಕೆಲಸ ಅಳೆದಿಲ್ಲ. ಪ್ರಯೋಗಾಲಯದ ಉಪಕರಣಗಳಿಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಬಳಕೆಯ ದಾಖಲೆ ಸಾಕು.

ಸುಧಾರಣೆಯ ಭಾಗದಲ್ಲಿ 'ಹೆಚ್ಚುವರಿ ತರಗತಿ ನಡೆಸಲಾಯಿತು' ಎಂಬ ಸಾಲು ಸಾಲದು. ಯಾವ ಘಟಕ, ಏನು ಬದಲಾಯಿತು, ಮುಂದಿನ ಬ್ಯಾಚಿನ ಅದೇ ಸಿಒ ಏನಾಯಿತು? ಅಂಕಿ ಏರಿದ್ದರೆ ಗುರಿಯನ್ನೇ ಇಳಿಸಿಲ್ಲವಷ್ಟೇ ಎಂದು ಸಭೆಯ ನಡಾವಳಿ ನೋಡುತ್ತೇನೆ. ಕೊರತೆ ಬರೆಯುವಾಗ ಕೋರ್ಸ್ ಕೋಡ್, ಪ್ರಶ್ನೆ ಸಂಖ್ಯೆ ಎರಡನ್ನೂ ನಮೂದಿಸುತ್ತೇನೆ, ವಿಭಾಗದವರು ಮರುದಿನವೇ ತೆಗೆದು ನೋಡುವಂತಿರಬೇಕು.